ಬಚ್ಚಲೊಲೆ ಪಕ್ಕದ ಬಿಯರ್

ಮನೇಲೇ ಲಾಗರ್ ಥರದ ಬಿಯರ್ ಮಾಡೋ ಆಸೆ ನಂಗೆ. ಆದ್ರೆ ಅದನ್ನ ಹುದುಗಿಸೋ ಲಾಗರ್ ಯೀಸ್ಟ್‌ಗೆ 8ರಿಂದ 13 ಡಿಗ್ರಿ ತಂಪು ಬೇಕು, ನಮ್ಮ ತೀರ್ಥಹಳ್ಳಿ ಮನೇಲಿ ಆಷಾಢದ ಮಳೆ ಹಿಡಿದ್ರೂ ಅಷ್ಟು ಇಳಿಯಲ್ಲ. ಹೋದ ಸಲ ಲಾಗರ್‌ಗಿಂತ ಬೆಚ್ಚಗೆ ಹುದುಗೋ ಮಾಮೂಲಿ ಏಲ್ ಯೀಸ್ಟ್ ಹಾಕಿ ಸೆಕೆಗೆ ಬಿಟ್ಟಿದ್ದಕ್ಕೆ ಬರೀ ಬಾಳೆಹಣ್ಣಿನ ವಾಸನೆ, ತುಂಬಾ ಬೇಜಾರಾಗಿತ್ತು. ಈ ಸಲ ಪಿಲ್ಸ್‌ನರ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆ ನಾರ್ವೆಯ ಕ್ವೈಕ್ ಅನ್ನೋ ಯೀಸ್ಟ್ ಹಾಕ್ದೆ, ಅದೂ ಏಲ್ ಜಾತೀದೇ, ಆದ್ರೆ ಅದ್ರಲ್ಲಿ ಕೆಲವು ತಳಿ 30-35 ಡಿಗ್ರೀಲೂ ಕ್ಲೀನಾಗಿ ಹುದುಗುತ್ತೆ, ಹಾಗಾಗಿ ಬಕೆಟ್ಟನ್ನ ಬಚ್ಚಲೊಲೆ ಪಕ್ಕ ಇಟ್ಟೆ, ರಾತ್ರಿ ಹಂಚಿನ ಮೇಲೆ ಮಳೆ ಸದ್ದು, ಒಳಗೆ ಬಕೆಟ್ಟಿನ ಗ್ಯಾಸ್ ಹೊರಗೆ ಬಿಡೋ ಏರ್‌ಲಾಕ್ ಗುಳುಗುಳು. ನಾರ್ವೆಯ ರೈತರು ಈ ಯೀಸ್ಟನ್ನ ಮರದ ಬಳೆಗೆ ಮೆತ್ತಿ ಒಣಗಿಸಿ ಮುಂದಿನ ಸಲಕ್ಕೆ ಎತ್ತಿಡ್ತಿದ್ರಂತೆ ಅಂತ ಅಮ್ಮಂಗೆ ಹೇಳ್ದೆ, "ನಮ್ಮ ಮೊಸರಿನ ಹೆಪ್ಪಿನ ಹಂಗೇ ಅಲ್ವಾ" ಅಂದ್ರು. ಆ ಮಾತು ಮನಸ್ಸಲ್ಲೇ ಕೂತಿದೆ. ಈಗ ಬಾಟ್ಲಿಗಳು ಫ್ರಿಜ್‌ನಲ್ಲಿ ಅಪ್ಪೆಮಿಡಿ ಜಾಡಿ ಪಕ್ಕ ತಿಳಿಯಾಗ್ತಿವೆ.