ನೆಲದ ಫೋಟೋ ಕಳಿಸಬೇಡಿ

"ಓಮ್ನಿ ಕೆಳಗ ಆಯಿಲ್ ಬೀಳಾಕತ್ತೈತ್ರಿ, ಎಲ್ಲಿಂದ ಅಂತ ಹೇಳ್ರಿ." ಜತೆಗೆ ಅಂಗಳದ ಫರಸಿ ಮೇಲಿನ ಕರಿ ಕಲೆಯ ಫೋಟೋ. ಜಮಖಂಡಿಯವರಾಗಲಿ, ಮುಧೋಳದವರಾಗಲಿ, ಇಲ್ಲೇ ಬಾಗಲಕೋಟೆಯವರಾಗಲಿ, ನನಗೆ ಕಳಿಸುವುದು ಅದೇ ಫೋಟೋ. ಮಾರುತಿ ಓಮ್ನಿ ವ್ಯಾನಿನ ತಯಾರಿಕೆ 2019ರಲ್ಲೇ ನಿಂತಿದೆ. ಈಗ ಓಡುತ್ತಿರುವವೆಲ್ಲ ಹಳೆಯವೇ, ಸೋರುವುದು ಸಹಜ. ಆದರೆ ನೆಲದ ಕಲೆ ನೋಡಿ ಎಲ್ಲಿಂದ ಅಂತ ಯಾವ ಮೇಸ್ತ್ರಿಯೂ ಹೇಳಲಾರ. ಹೇಳಿದರೆ ನಂಬಬೇಡಿ.

ಎಣ್ಣೆ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಎಂಜಿನ್ ಮುಂದಿನ ಸೀಟಿನ ಕೆಳಗಿದೆ, ಗೇರ್‌ಬಾಕ್ಸ್ ಅದರ ಹಿಂದೆ. ಮೇಲೆ ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲ್ಮುಚ್ಚಳ) ಪ್ಯಾಕಿಂಗಿನಲ್ಲಿ ಜಿನುಗಿದ್ದು ಬ್ಲಾಕಿನ ಗುಂಟ ಇಳಿದು, ಗಾಡಿ ಓಡುವಾಗ ಗಾಳಿಗೆ ಹಿಂದೆ ಸರಿದು, ಸಂಪಿನ (ತಳದ ಎಣ್ಣೆ ತೊಟ್ಟಿಯ) ಅಂಚಿನಲ್ಲಿ ತೊಟ್ಟಿಕ್ಕುತ್ತದೆ. ಸಂಪ್ ಪ್ಯಾಕಿಂಗ್ ಬದಲಿಸಿದರೆ ದುಡ್ಡು ದಂಡ. ಇದಕ್ಕಿಂತ ದೊಡ್ಡ ದಂಡ ಇನ್ನೊಂದಿದೆ. ಬೆಲ್ ಹೌಸಿಂಗ್ (ಎಂಜಿನ್, ಗೇರ್‌ಬಾಕ್ಸ್ ನಡುವಿನ ಕ್ಲಚ್ ಕವಚ) ಕೆಳಗೆ ಹನಿ ಕಂಡ ಕೂಡಲೇ "ಹಿಂದಿನ ಕ್ರ್ಯಾಂಕ್ ಸೀಲ್ ಹೋಗೇತಿ, ಗೇರ್‌ಬಾಕ್ಸ್ ಇಳಿಸಬೇಕು" ಎಂದುಬಿಡುತ್ತಾರೆ. ಕಾರ್ಬೊರೇಟರ್ ಓಮ್ನಿಯಲ್ಲಿ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇರುವುದು ಎಂಜಿನ್ ಹೆಡ್ಡಿನ ಹಿಂತುದಿಯಲ್ಲಿ. ಅದರ ಓ-ರಿಂಗ್ ಕಾಯ್ದು ಗಟ್ಟಿಯಾದರೆ ಎಣ್ಣೆ ನೇರ ಅದೇ ಬೆಲ್ ಹೌಸಿಂಗ್ ಮೇಲೆ ಇಳಿಯುತ್ತದೆ. ಒಂದು ರಬ್ಬರ್ ರಿಂಗಿಗಾಗಿ ಗೇರ್‌ಬಾಕ್ಸ್ ಇಳಿಸಿದ ಕೂಲಿ ಯಾರು ಕೊಡಬೇಕು?

ಮೊದಲು ಅದು ಎಂಜಿನ್ ಆಯಿಲ್ಲೋ ಅಲ್ಲವೋ ನೋಡಿ. ಬಿಳಿ ಕಾಗದಕ್ಕೆ ಒಂದು ಹನಿ ಹಿಡಿಯಿರಿ. ಗೇರ್ ಆಯಿಲ್ ಮಂದ, ಗಂಧಕದಂಥ ನಾತ. ಕೂಲೆಂಟ್ ಆದರೆ ನೀರಿನಂತೆ ತೆಳು, ಬಣ್ಣ ಇರುತ್ತದೆ.

ಆಮೇಲೆ ತೊಳೆಯಿರಿ. ಇದೊಂದನ್ನು ಯಾರೂ ಮಾಡುವುದಿಲ್ಲ. ನಮ್ಮ ಎರಿ ಭೂಮಿಯ ಧೂಳು ಎಣ್ಣೆಗೆ ಅಂಟಿ ಬೆರಳಷ್ಟು ದಪ್ಪ ಮೆತ್ತಿಕೊಂಡಿರುವಾಗ ಟಾರ್ಚ್ ಹಿಡಿದು ಏನು ಹುಡುಕುತ್ತೀರಿ? ಎಂಜಿನ್ ತಣ್ಣಗಿರಬೇಕು. ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರ್‌ಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಡೀಸೆಲ್ ಹಚ್ಚಿ ಬ್ರಷ್‌ನಿಂದ ಉಜ್ಜಿ, ಸೋಪಿನ ನೀರು ಹಾಕಿ ತೊಳೆದು ಪೂರ್ತಿ ಒಣಗಿಸಿ. ಬೆಲ್ಟಿಗೆ ಡೀಸೆಲ್ ತಾಗಬಾರದು. ಸೈಲೆನ್ಸರ್ ಪೈಪಿನ ಮೇಲೆ ಉಳಿದರೆ ಬೆಂಕಿ ಹತ್ತೀತು. ಒಣಗಿದ ಮೇಲೆ ಅನುಮಾನದ ಜಾಗಗಳಿಗೆಲ್ಲ, ಬೆಲ್ಟ್ ಬಿಟ್ಟು, ಮುಖದ ಪೌಡರ್ ಉದುರಿಸಿ 10-15 ಕಿ.ಮೀ. ಓಡಿಸಿ ಬನ್ನಿ. ಸೀಟು ಎತ್ತಿ ಮೇಲಿನಿಂದ ಕೆಳಗೆ ನೋಡುತ್ತ ಬನ್ನಿ. ಪೌಡರ್ ಹಸಿಯಾದ ಎಲ್ಲಕ್ಕಿಂತ ಮೇಲಿನ ಜಾಗವೇ ಮೂಲ. ನೋಡುವ ಸಾಲು ಇದು: ಟ್ಯಾಪೆಟ್ ಕವರ್, ಡಿಸ್ಟ್ರಿಬ್ಯೂಟರ್, ಆಯಿಲ್ ಪ್ರೆಶರ್ ಸ್ವಿಚ್, ಫಿಲ್ಟರ್, ಟೈಮಿಂಗ್ ಕವರಿನ ಕೆಳಬಾಯಿ, ಕೊನೆಗೆ ಸಂಪ್, ಡ್ರೇನ್ ನಟ್ಟಿನ ವಾಷರ್. ಸ್ವಿಚ್ಚಿನ ವೈರ್ ಕಿತ್ತು ನೋಡಿ, ಒಳಗೆ ಎಣ್ಣೆ ಇದ್ದರೆ ಸ್ವಿಚ್ಚೇ ಹೋಗಿದೆ. ಫಿಲ್ಟರ್ ಸುತ್ತ ಧಾರಾಳವಾಗಿ ಸುರಿಯುತ್ತಿದ್ದರೆ ಹಳೆಯ ಫಿಲ್ಟರಿನ ರಬ್ಬರ್ ಅಲ್ಲೇ ಅಂಟಿ ಉಳಿದಿದೆಯೇ ನೋಡಿ.

ಸಿಕ್ಕ ಮೇಲೆ ಬೋಲ್ಟ್ ಬಿಗಿ ಮಾಡುವುದು ಪರಿಹಾರವಲ್ಲ. ಹಳೆಯ ರಬ್ಬರ್ ಒತ್ತಿ ಒತ್ತಿ ಹರಿಯುತ್ತದೆ, ಸಂಪಿನ ತಗಡು ಬೋಲ್ಟಿನ ಸುತ್ತ ಒಳಗೆ ಕುಸಿಯುತ್ತದೆ. ಆ ಕುಸಿದ ಜಾಗವನ್ನು ಬಡಿದು ಸಮ ಮಾಡದೆ ಹೊಸ ಪ್ಯಾಕಿಂಗ್ ಕೂರಿಸಿದರೆ ಮತ್ತೆ ಸೋರುತ್ತದೆ. ಸಿಲಿಕಾನ್ ಪೇಸ್ಟ್ ಬಳಿಯುವವರಿಗೆ ಕೈ ಮುಗಿಯುತ್ತೇನೆ: ಒಳಗೆ ಉಕ್ಕಿದ ಪೇಸ್ಟ್ ಕಿತ್ತು ಸಂಪಿನ ಜಾಳಿಗೆ ಸೇರಿದರೆ ಪಂಪಿಗೆ ಎಣ್ಣೆಯೇ ಸಿಗುವುದಿಲ್ಲ. ಮುಂದಿನ ಕ್ರ್ಯಾಂಕ್ ಸೀಲ್ ಬದಲಿಸುವಾಗ ಶಾಫ್ಟಿನ ಮೇಲೆ ಉಗುರು ಆಡಿಸಿ. ಹಳೆಯ ಸೀಲ್ ಕೊರೆದ ಗೆರೆ ಉಗುರಿಗೆ ಸಿಕ್ಕರೆ, ಹೊಸ ಸೀಲನ್ನು 1 ಮಿ.ಮೀ. ಹಿಂದೆ ಮುಂದೆ ಕೂರಿಸಿ, ತುಟಿ ನುಣುಪು ಜಾಗದಲ್ಲಿ ಕೂರಲಿ. ಎಣ್ಣೆ ತಾಗಿದ ಟೈಮಿಂಗ್ ಬೆಲ್ಟನ್ನು ಒರೆಸಿ ಮತ್ತೆ ಹಾಕಬೇಡಿ.

ಇಷ್ಟೆಲ್ಲ ಕೇಳುವವರು ಒಂದು ಮಾತು ಮಾತ್ರ ಕೇಳುವುದಿಲ್ಲ: "ಹ್ವಾದ ವರ್ಷ ಹಾಕಿದ ಸೀಲ್ ಮತ್ತ್ಯಾಕ ಸೋರಾಕತ್ತೈತಿ?" ಕೇಳಬೇಕಾದದ್ದೇ ಅದು. ಪಿಸ್ಟನ್ ರಿಂಗ್ ಸಂದಿಯಿಂದ ಇಳಿಯುವ ಗ್ಯಾಸ್ ಹೊರಗೆ ಹೋಗಲು ಟ್ಯಾಪೆಟ್ ಕವರಿನಿಂದ ಏರ್ ಕ್ಲೀನರಿಗೆ ಬ್ರೀದರ್ ಪೈಪ್ ಇದೆ. ಅದು ಕಟ್ಟಿದರೆ ಗ್ಯಾಸ್ ಒಳಗೇ ಒತ್ತಿ, ಎಣ್ಣೆಯನ್ನು ಸಿಕ್ಕ ಸಿಕ್ಕ ಸೀಲಿನಿಂದ ಹೊರಗೆ ತಳ್ಳುತ್ತದೆ. ಒಂದು ಸೀಲ್ ಬದಲಿಸಿದರೆ ಇನ್ನೊಂದು. ಎಂಜಿನ್ ಐಡಲ್‌ನಲ್ಲಿಟ್ಟು ಆಯಿಲ್ ಮುಚ್ಚಳ ತೆಗೆದು, ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಿಡಿಯಿರಿ. ಸುಮ್ಮನೆ ಅದುರಿದರೆ ಸರಿ. ಹೊಗೆಯೊಂದಿಗೆ ಉಬ್ಬಿ ಎದ್ದರೆ ಪೈಪ್ ಬಿಚ್ಚಿ ತೊಳೆಯಿರಿ, ಮೆತ್ತಗಾಗಿದ್ದರೆ ಬದಲಿಸಿ. ಪೈಪ್ ಚೊಕ್ಕ ಇದ್ದೂ ಒತ್ತಡ ಹಾಗೇ ಇದ್ದರೆ, ಏರ್ ಕ್ಲೀನರಿನಲ್ಲೂ ಎಣ್ಣೆ ನಿಂತಿದ್ದರೆ, ರಿಂಗ್ ಸವೆದಿವೆ. ಕಂಪ್ರೆಶನ್ ಟೆಸ್ಟ್ ಮಾಡಿಸುವ ತನಕ ಒಂದು ಸೀಲಿಗೂ ದುಡ್ಡು ಹಾಕಬೇಡಿ.

ರಾತ್ರಿಗೆ ಒಂದೆರಡು ಹನಿ ಬಿದ್ದರೆ ಎಣ್ಣೆ ಅಳೆಯುವ ಡಿಪ್‌ಸ್ಟಿಕ್ ನೋಡುತ್ತ ಓಡಿಸಬಹುದು. ಸೈಲೆನ್ಸರ್ ಪೈಪ್ ಮೇಲೆ, ಟೈಮಿಂಗ್ ಬೆಲ್ಟ್ ಮೇಲೆ, ಕ್ಲಚ್ ಪ್ಲೇಟಿಗೆ ಬೀಳುತ್ತಿದ್ದರೆ ಮಾತ್ರ ತಡ ಮಾಡಬೇಡಿ. ಕೆಂಪು ಆಯಿಲ್ ದೀಪ ಹತ್ತಿದರೆ ಮುಂದಿನ ಊರು ಎಷ್ಟೇ ಹತ್ತಿರವಿರಲಿ, ಅಲ್ಲೇ ಎಂಜಿನ್ ಬಂದ್ ಮಾಡಿ. ಮೆಸೇಜ್ ಕಳಿಸುವುದಾದರೆ ತೊಳೆದ ಎಂಜಿನ್ನಿನ ಫೋಟೋ ಕಳಿಸಿ, ಡಿಪ್‌ಸ್ಟಿಕ್ ಎಷ್ಟು ದಿನಕ್ಕೆ ಎಷ್ಟು ಇಳಿಯಿತು ಎಂದು ಬರೆಯಿರಿ.