ಆಣೆ ಮಾಡದೆ ಬಿಟ್ಟ ಸಿಗರೇಟ್

ಸಿಗರೇಟನ್ನು ನಾನು ಯುಗಾದಿಗೆ ಬಿಟ್ಟಿದ್ದೆ, ಮಗಳು ಹುಟ್ಟಿದಾಗ ಬಿಟ್ಟಿದ್ದೆ, ಧರ್ಮಸ್ಥಳಕ್ಕೆ ಹೋಗಿ ಆಣೆ ಮಾಡಿಯೂ ಬಿಟ್ಟಿದ್ದೆ. ಪ್ರತಿ ಸಲವೂ ಎರಡು ಮೂರು ದಿನಕ್ಕೆ ಸಿಟ್ಟು ನೆತ್ತಿಗೇರುತ್ತಿತ್ತು. ನಿದ್ದೆ ಹತ್ತುತ್ತಿರಲಿಲ್ಲ. ಆಫೀಸಿನ ಕೆಳಗಿನ ಅಂಗಡಿಯಲ್ಲಿ ಕಾಫಿ ಕೈಗೆ ಬಂದರೆ ಸಾಕು, ಒಂದೇ ಒಂದು ಅಂತ ಶುರುವಾಗಿ ವಾರದೊಳಗೆ ಮತ್ತೆ ಪ್ಯಾಕಿಗೆ ಬಂದು ನಿಲ್ಲುತ್ತಿತ್ತು.

ಕೊನೆಯ ಸಲ ಆಣೆಗೀಣೆ ಇಲ್ಲ, ಫೋನ್ ಮಾಡಿದೆ. ಪ್ಯಾಕಿನ ಮೇಲೆ ಚಿತ್ರದ ಜೊತೆ 1800-11-2356 ಅಂತ ಅಚ್ಚಾಗಿರುತ್ತದಲ್ಲ, ತಂಬಾಕು ಬಿಡಲು ನೆರವಾಗುವ ಆ ನಂಬರಿಗೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಿದರು. ಬೈಸಿಕೊಳ್ಳಲು ತಯಾರಾಗಿಯೇ ಕೂತಿದ್ದೆ. ಆಕೆ ಕೇಳಿದ್ದು, "ಬೆಳಿಗ್ಗೆ ಎದ್ದು ಎಷ್ಟು ಹೊತ್ತಾದ ಮೇಲೆ ಮೊದಲನೇದು ಸೇದ್ತೀರಾ ಸರ್?" ಹಲ್ಲುಜ್ಜುವ ಮೊದಲೇ ಅಂದೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ನಿಕೋಟಿನ್, ಅಂದರೆ ತಂಬಾಕಿನಲ್ಲಿ ಚಟ ಹಿಡಿಸುವ ಅಂಶದ ಹಿಡಿತ ಜಾಸ್ತಿ, ಡಾಕ್ಟರನ್ನೂ ಒಮ್ಮೆ ನೋಡಿ ಅಂದರು. ನನಗೆ ಬೇಕಾದದ್ದು ಔಷಧ ಅಂತ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಡಾಕ್ಟರ್ ಸಿಗರೇಟಿನ ಆಸೆ ತಗ್ಗಿಸುವ 4 ಮಿಲಿಗ್ರಾಂ ನಿಕೋಟಿನ್ ಗಮ್ ಬರೆದುಕೊಟ್ಟರು. ಅದನ್ನು ಅಗಿಯಲೂ ಒಂದು ಕ್ರಮ ಇದೆ. ಸುಮ್ನೆ ಜಗಿಯುತ್ತಾ ಹೋದರೆ ರಸ ಹೊಟ್ಟೆಗಿಳಿದು ಬಿಕ್ಕಳಿಕೆ ಬರುತ್ತದೆ. ಮೆಲ್ಲಗೆ ಅಗಿದು, ಕಾಳುಮೆಣಸು ಕಚ್ಚಿದ ಹಾಗೆ ಚುರ್ ಅಂದ ಕೂಡಲೇ ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ ಒತ್ತಿಟ್ಟುಕೊಳ್ಳಬೇಕು. ಚುರುಚುರು ಕಮ್ಮಿಯಾದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮೊದಲಿನಿಂದ ಕಾಫಿ ಕುಡಿಯುವ ಹಾಗಿಲ್ಲ, ಕುಡಿದರೆ ನಿಕೋಟಿನ್ ವಸಡಿನಿಂದ ಸರಿಯಾಗಿ ಒಳಗಿಳಿಯುವುದಿಲ್ಲ. ಕಾಫಿ, ಸಿಗರೇಟಿನ ಜೋಡಿ ಮುರಿದದ್ದು ಈ ಒಂದು ನಿಯಮದಿಂದ. ಸಿಗರೇಟಿನ ಹೊಗೆ ಕೆಫೀನನ್ನು ಮೈಯಿಂದ ಬೇಗ ಕಳೆಯುತ್ತದೆ, ಬಿಟ್ಟ ಮೇಲೆ ಅಷ್ಟೇ ಕಾಫಿ ಹೆಚ್ಚು ಏರುತ್ತದೆ ಅಂತಲೂ ಡಾಕ್ಟರ್ ಹೇಳಿದರು. ಹಿಂದಿನ ಸಲಗಳ ನಿದ್ದೆಗೇಡಿಗೆ ಅದೂ ಸೇರಿತ್ತೋ ಏನೋ. ಕಾಫಿಯನ್ನು ಅರ್ಧಕ್ಕೆ ಇಳಿಸಿದೆ.

ಆದರೂ ಮೂರನೇ ದಿನ ಸಂಜೆ ಆಸೆ ತಡೆಯುವುದು ಕಷ್ಟವಾಯಿತು. ಮೆಟ್ಟಿಲ ಮೇಲೆ ಕೂತು ಗಡಿಯಾರ ನೋಡಿದೆ. ಆಸೆ ಏರುತ್ತದೆ, ಕೆಲವೇ ನಿಮಿಷಕ್ಕೆ ಇಳಿಯುತ್ತದೆ ಅಂತ ಫೋನಿನಲ್ಲಿ ಹೇಳಿದ್ದರು. ಬೆವರಿತು, ಹಲ್ಲು ಕಚ್ಚಿ ಕೂತೆ. ನಿಜಕ್ಕೂ ಇಳಿಯಿತು. ಅಷ್ಟು ಖುಷಿ ನನಗೆ ಎಷ್ಟೋ ವರ್ಷದಲ್ಲಿ ಆಗಿರಲಿಲ್ಲ. ಆಮೇಲೆ ನಿಧಾನವಾಗಿ ಗಮ್ಮೂ ಬಿಟ್ಟುಹೋಯಿತು.

ಹಬ್ಬಕ್ಕೆ ಊರಿಗೆ ಹೋದಾಗ ಚಿಕ್ಕಪ್ಪ ಜಗಲಿಯಲ್ಲಿ ಕೆಮ್ಮುತ್ತಾ ಕೂತಿದ್ದರು. "ಬೀಡಿಗೂ ಆಯ್ತದೇನೋ ಮಗ ಅದು?" ಅಂತ ಕೇಳಿದರು. ಬೀಡಿ, ಗುಟ್ಕಾ, ಹೊಗೆಸೊಪ್ಪು ಎಲ್ಲಕ್ಕೂ ಅದೇ ನಂಬರ್ ಚಿಕ್ಕಪ್ಪ, ಜಿಲ್ಲಾ ಆಸ್ಪತ್ರೆಯಲ್ಲೂ ತಂಬಾಕು ಬಿಡಿಸುವ ಕೇಂದ್ರ ಇದೆ ಅಂದೆ. ಬರುವ ವಾರ ಅವರನ್ನು ಹಾಸನಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ.