ಆಖೆನ್‌ಗೆ ಓದಲು ಹೊರಟಿದ್ದೀರಾ? ಮೊದಲು ಟಪಾಲು ಡಬ್ಬಿಗೆ ಹೆಸರು ಅಂಟಿಸಿ

ಜರ್ಮನಿಗೆ ಓದಲು ಹೊರಡುವವರು ಎಪಿಎಸ್ (ನಮ್ಮ ಅಂಕಪಟ್ಟಿಗಳ ಪರಿಶೀಲನೆ), ವೀಸಾ, ಬ್ಲಾಕ್ಡ್ ಅಕೌಂಟ್ (ಖರ್ಚಿನ ದುಡ್ಡನ್ನು ಮೊದಲೇ ಇಟ್ಟು ತಿಂಗಳಿಗಿಷ್ಟು ಅಂತ ಪಡೆಯುವ ಖಾತೆ) ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ವಿಮಾನ ಇಳಿದ ಮೇಲೆ ಏನು ಅನ್ನುವುದನ್ನು ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ. ನಾನು ಬೆಂಗಳೂರಿನಿಂದ ಜರ್ಮನಿಯ ಪಶ್ಚಿಮ ಗಡಿಯ ಊರಾದ ಆಖೆನ್‌ನ ತಾಂತ್ರಿಕ ವಿಶ್ವವಿದ್ಯಾಲಯ ಆರ್‌ಡಬ್ಲ್ಯುಟಿಎಚ್‌ಗೆ ಮಾಸ್ಟರ್ಸ್ ಮಾಡಲು ಬಂದವಳು. ಈಗ ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸಬರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ. ದೂರದ ರೈಲುಗಳ ನಿಲ್ದಾಣ ವಿಮಾನ ನಿಲ್ದಾಣಕ್ಕೇ ಅಂಟಿಕೊಂಡಿದೆ. ಅಲ್ಲಿಂದ ಕಲೋನ್‌ಗೆ ಹೋಗಿ ರೈಲು ಬದಲಿಸಬಹುದು. ಬ್ರಸೆಲ್ಸ್ ಕಡೆ ಹೋಗುವ ಐಸಿಇ (ಜರ್ಮನಿಯ ವೇಗದ ದೂರದ ರೈಲು) ಸಿಕ್ಕರೆ ನೇರ ಆಖೆನ್‌ನಲ್ಲೇ ಇಳಿಯಬಹುದು. ಟಿಕೆಟ್ ತೆಗೆಯುವಾಗ ಒಂದು ವಿಷಯ ಗಮನಿಸಿ. ಅಗ್ಗದ ಟಿಕೆಟ್ ಆ ಒಂದು ರೈಲಿಗೆ ಮಾತ್ರ ನಡೆಯುತ್ತದೆ. ವಿಮಾನ ತಡವಾಗಿ ರೈಲು ತಪ್ಪಿದರೆ ದುಡ್ಡು ಹೋದಂತೆಯೇ. ಆ ದಿನ ಯಾವ ರೈಲಿಗಾದರೂ ಹತ್ತುವಂಥ ಟಿಕೆಟ್ ದುಬಾರಿಯೇ, ಆದರೂ ಅದನ್ನೇ ತೆಗೆಯಿರಿ. ಕೂಲಿಗಳು ಇರುವುದಿಲ್ಲ. ನೀವೊಬ್ಬರೇ ಮೆಟ್ಟಿಲು ಹತ್ತಿಸುವಷ್ಟು ಸಾಮಾನು ಸಾಕು.

ಬರುವುದು ಸೋಮವಾರದಿಂದ ಗುರುವಾರದೊಳಗೆ ಇರಲಿ. ಹಾಸ್ಟೆಲ್ ರೂಮಿನ ಕೀ ಕೊಡುವ ಕೇರ್‌ಟೇಕರ್ ಸಿಗುವುದು ಕಚೇರಿ ಸಮಯದಲ್ಲಿ, ಅದೂ ಬೆಳಗಿನ ಕೆಲವೇ ಗಂಟೆ. ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಶನಿವಾರ ರಾತ್ರಿ ಬಂದಿಳಿದವರಿಗೆ ಕೀಯೂ ಇಲ್ಲ, ಅಕ್ಕಿಯೂ ಇಲ್ಲ. ರೂಮಿನಲ್ಲಿ ಮಂಚ ಇರುತ್ತದೆ, ಹಾಸಿಗೆಯ ಮೇಲೆ ಹಾಸಲು ಹೊದೆಯಲು ಏನೂ ಇರುವುದಿಲ್ಲ. ಒಂದು ಬೆಡ್‌ಶೀಟ್, ಒಂದು ತೆಳು ರಗ್ಗು ತಂದರೆ ಮೊದಲ ರಾತ್ರಿ ಕಳೆಯುತ್ತದೆ.

ಇನ್ನು ಮುಖ್ಯ ವಿಷಯ, ವಿಳಾಸ. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಬರಿಯ ಬಾಡಿಗೆ ಕರಾರು ತೋರಿಸಿದರೆ ನಡೆಯುವುದಿಲ್ಲ. 'ಇವರು ಇಂಥ ದಿನದಿಂದ ನನ್ನ ಮನೆಯಲ್ಲಿದ್ದಾರೆ' ಅಂತ ಮಾಲೀಕರು ಸಹಿ ಹಾಕಿದ ಬೇರೆಯದೇ ಒಂದು ಫಾರಂ ಬೇಕು. ರೂಮು ಹುಡುಕುವಾಗಲೇ 'ಆನ್‌ಮೆಲ್ಡುಂಗ್‌ಗೆ ಫಾರಂ ಕೊಡ್ತೀರಾ?' ಅಂತ ಕೇಳಿಬಿಡಿ. ಇಲ್ಲ ಅಂದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಬೇಡ. ರೂಮು ನೋಡದೆ, ಕರಾರು ಆಗದೆ, ಯಾರಿಗೂ ಅಡ್ವಾನ್ಸ್ ಕಳಿಸಬೇಡಿ. ಅಡ್ವಾನ್ಸ್ ಎಂದರೆ ಬೆಂಗಳೂರಿನ ಹತ್ತು ತಿಂಗಳ ಲೆಕ್ಕ ಅಲ್ಲ. ಬಿಸಿ ನೀರು, ಹೀಟರ್ ಖರ್ಚು ಬಿಟ್ಟು ಬರೀ ಬಾಡಿಗೆಯ ಮೂರು ತಿಂಗಳಿಗಿಂತ ಹೆಚ್ಚು ಕೇಳುವ ಹಾಗಿಲ್ಲ, ಕಾನೂನೇ ಹಾಗಿದೆ. ನೋಂದಣಿಗೆ ಅಪಾಯಿಂಟ್‌ಮೆಂಟ್ ಬೇಕು. ರೂಮು ಗ್ಯಾರಂಟಿ ಆದ ದಿನವೇ, ಊರಲ್ಲಿದ್ದಾಗಲೇ ಅದನ್ನು ಹಿಡಿದಿಟ್ಟುಕೊಳ್ಳಿ.

ನೋಂದಣಿಯ ಈ ಒಂದು ಕಾಗದದ ಹಿಂದೆ ಉಳಿದದ್ದೆಲ್ಲ ಸಾಲು ನಿಂತಿರುತ್ತದೆ. ಬ್ಯಾಂಕ್ ಕಾರ್ಡ್, ಅದರ ಪಿನ್, ತೆರಿಗೆ ನಂಬರ್, ಇನ್ಶೂರೆನ್ಸ್ ಕಾರ್ಡ್ ಎಲ್ಲವೂ ಬರುವುದು ಟಪಾಲಿನಲ್ಲಿ. ಕಾರ್ಡ್ ಒಂದು ಕವರಿನಲ್ಲಿ, ಪಿನ್ ಇನ್ನೊಂದರಲ್ಲಿ, ಬೇರೆ ಬೇರೆ ದಿನ. ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಬೀದಿ, ಕಟ್ಟಡದ ನಂಬರ್, ನಿಮ್ಮ ಹೆಸರು, ಅಷ್ಟೇ. ಕೆಳಗೆ ಬಾಗಿಲ ಹತ್ತಿರ ಡಬ್ಬಿಗಳ ಸಾಲು ಇರುತ್ತದೆ. ಅಂಚೆಯವರು ಅದರ ಮೇಲಿನ ಹೆಸರು ಓದಿ ಕಾಗದ ಹಾಕುತ್ತಾರೆ. ಹೆಸರಿಲ್ಲವೋ, ಕಾಗದ ವಾಪಸ್. ನಮ್ಮ ಮಹಡಿಯ ಹುಡುಗನೊಬ್ಬನ ಬ್ಯಾಂಕ್ ಕಾರ್ಡ್ ಹೀಗೇ ತಿರುಗಿ ಹೋಯಿತು. ಡಬ್ಬಿಯ ಮೇಲೆ ಹಿಂದೆ ಇದ್ದವರ ಹೆಸರೇ ಇತ್ತು. ಕಾರ್ಡ್ ಮತ್ತೆ ಬರುವವರೆಗೂ ಅವನು ಸೀನಿಯರ್‌ಗಳ ಹತ್ತಿರ ಸಾಲ ಮಾಡಿಯೇ ದಿನ ದೂಡಿದ.

ಹಾಗಾಗಿ ಕೀ ಕೈಗೆ ಬಂದ ದಿನವೇ ಒಂದು ಚೀಟಿಯಲ್ಲಿ ಹೆಸರು ಬರೆದು ಟೇಪ್ ಹಚ್ಚಿ ಅಂಟಿಸಿ. ಇದರಲ್ಲಿ ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ನಮ್ಮಲ್ಲಿ ಅನೇಕರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಇಲ್ಲವೇ ಅಪ್ಪನ ಹೆಸರು, ಊರಿನ ಹೆಸರು ಬಿಡಿಸಿ ಬರೆದಿರುತ್ತಾರೆ. ಒಂದು ಕಚೇರಿ ನಿಮ್ಮ ಹೆಸರನ್ನೇ ಸರ್‌ನೇಮ್ ಮಾಡುತ್ತದೆ, ಇನ್ನೊಂದು ಅಪ್ಪನ ಹೆಸರು ಹಿಡಿಯುತ್ತದೆ. ಡಬ್ಬಿಯ ಮೇಲೆ ಎರಡೂ ಬರೆಯಿರಿ. ಫಾರಂಗಳಲ್ಲಿ ಮಾತ್ರ ಎಲ್ಲ ಕಡೆ ಪಾಸ್‌ಪೋರ್ಟ್‌ನಲ್ಲಿ ಇದ್ದಹಾಗೇ ತುಂಬಿ.

ದುಡ್ಡಿನ ವಿಷಯ. 2024ರ ಸೆಪ್ಟೆಂಬರ್‌ನಿಂದ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೊ ಇಡಬೇಕು, ಅಂದರೆ ತಿಂಗಳಿಗೆ 992. ಆದರೆ ಬಂದ ದಿನವೇ ಅದು ಕೈಗೆ ಸಿಗುವುದಿಲ್ಲ. ಇಲ್ಲಿನ ಬ್ಯಾಂಕ್ ಅಕೌಂಟ್ ತೆರೆದು, ಕಾಗದಪತ್ರ ಕಳಿಸಿ, ಬ್ಲಾಕ್ಡ್ ಅಕೌಂಟ್‌ನವರು ಒಪ್ಪಿದ ಮೇಲೆ ಮೊದಲ ಕಂತು. ಅಷ್ಟರಲ್ಲಿ ಅಡ್ವಾನ್ಸ್, ಬಾಡಿಗೆ, ಹಾಸಿಗೆ ಹೊದಿಕೆ ಎಲ್ಲ ಎದುರಾಗುತ್ತದೆ. ಫಾರೆಕ್ಸ್ ಕಾರ್ಡ್‌ನಲ್ಲಿ ಎರಡು ಸಾವಿರ ಯೂರೊ ಬೇರೆಯಾಗಿ ಇದ್ದರೆ ನೆಮ್ಮದಿ. ಸ್ವಲ್ಪ ನಗದೂ ಇರಲಿ, ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯದೆಯೂ ಇರಬಹುದು.

ನೋಂದಣಿ ಆದ ಮೇಲೆ ರೇಡಿಯೊ-ಟಿವಿ ಶುಲ್ಕ ಕಟ್ಟಿ ಅಂತ ಒಂದು ಕಾಗದ ಬರುತ್ತದೆ. ರೂಮಿನಲ್ಲಿ ಟಿವಿಯೇ ಇಲ್ಲವಲ್ಲ ಅಂತ ಹೊಸಬರೆಲ್ಲ ಇದನ್ನು ಮೋಸ ಅಂದುಕೊಂಡು ಹರಿದು ಹಾಕುತ್ತಾರೆ. ಮೋಸವಲ್ಲ, ಕಟ್ಟಲೇಬೇಕು. ತಿಂಗಳಿಗೆ 18.36 ಯೂರೊ. ಸಮಾಧಾನ ಏನೆಂದರೆ ಅದು ಮನೆಗೊಂದು. ಹಂಚಿಕೊಂಡ ಮನೆಯಲ್ಲಿ ಒಬ್ಬರು ಕಟ್ಟುತ್ತಿದ್ದರೆ ಆ ಕಾಗದಕ್ಕೆ ಉತ್ತರವಾಗಿ ಅವರ ಶುಲ್ಕದ ಖಾತೆ ನಂಬರ್ ಬರೆದು ಕಳಿಸಿ, ಪಾಲು ಹಂಚಿಕೊಳ್ಳಿ.

ಓಡಾಟಕ್ಕೆ ಚಿಂತೆಯಿಲ್ಲ. ಸೆಮಿಸ್ಟರ್ ಶುಲ್ಕದಲ್ಲೇ ಪಾಸ್ ಸೇರಿದೆ. ನಗರದ ಬಸ್ಸು, ದೇಶದ ಯಾವ ಮೂಲೆಯ ಲೋಕಲ್ ರೈಲಿಗೂ ನಡೆಯುತ್ತದೆ, ಐಸಿಇಗೆ ಮಾತ್ರ ಇಲ್ಲ. ಚಳಿಗಾಲದ ಸೆಮಿಸ್ಟರ್ ಶುರುವಾಗುವುದೇ ಅಕ್ಟೋಬರ್ 1ಕ್ಕೆ. ಸೆಪ್ಟೆಂಬರ್‌ನಲ್ಲಿ ಬಂದರೆ ಅಲ್ಲಿಯವರೆಗೆ ಟಿಕೆಟ್ ತೆಗೆಯಲೇಬೇಕು.

ಅಡುಗೆಗೆ ಬರೋಣ. ಅಮ್ಮ ಕಟ್ಟಿಕೊಡುವ ತುಪ್ಪ, ಧಾರವಾಡ ಪೇಡ ಎರಡನ್ನೂ ಬಿಟ್ಟು ಬರಬೇಕು. ಹೊರ ದೇಶದ ಹಾಲಿನ ಪದಾರ್ಥ, ಮಾಂಸ ತರಲು ಯುರೋಪಿನಲ್ಲಿ ಬಿಡುವುದಿಲ್ಲ. ಹಸಿ ಕರಿಬೇವಿಗೂ ತಡೆ, ಒಣಗಿಸಿ ತನ್ನಿ. ಸಾರಿನ ಪುಡಿ, ಚಟ್ನಿಪುಡಿ, ಬ್ಯಾಡಗಿ ಮೆಣಸಿನಕಾಯಿಗೆ ಜಾಗ ಕೊಡಿ. ಬಾಸ್ಮತಿ ಅಕ್ಕಿ ಆಲ್ಡಿ, ಲಿಡ್ಲ್‌ನಂಥ ಇಲ್ಲಿನ ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತದೆ. ಕೊತ್ತಂಬರಿ, ಹಸಿಮೆಣಸು, ಬೆಂಡೆಕಾಯಿಗೆ ಟರ್ಕಿಯವರ ಅಂಗಡಿ. ತೊಗರಿಬೇಳೆಗೆ ಇಂಡಿಯನ್ ಸ್ಟೋರ್‌ಗೇ ಹೋಗಬೇಕು. ಸಣ್ಣ ಕುಕ್ಕರ್ ತರುವುದಾದರೆ ಒಂದು ಗ್ಯಾಸ್ಕೆಟ್ ಜಾಸ್ತಿ ಇರಲಿ. ರಾತ್ರಿ ಹತ್ತರ ಮೇಲೆ ಸೀಟಿ ಹೊಡೆಸಬೇಡಿ, ಹತ್ತರಿಂದ ಬೆಳಗಿನ ಆರರವರೆಗೆ ಸದ್ದು ಮಾಡುವ ಹಾಗಿಲ್ಲ. ಒಗ್ಗರಣೆಗೆ ಮೊದಲು ಕಿಟಕಿ ತೆಗೆದು ರೂಮಿನ ಬಾಗಿಲು ಮುಚ್ಚಿ. ಮಲಗುವ ಕೋಣೆಯಲ್ಲಿ ಹೊಗೆ ಅಲಾರಂ ಇರುತ್ತದೆ. ಕಾದ ಎಣ್ಣೆಗೆ ಒಣಮೆಣಸು ಬಿದ್ದು ಘಾಟು ಎದ್ದರೆ, ಇಡೀ ಮಹಡಿಗೆ ನಿಮ್ಮ ಪರಿಚಯ ಅವತ್ತೇ ಆಗಿಬಿಡುತ್ತದೆ.

ಕಸ ಎಸೆಯಲು ಹೋಗುವಾಗಲೂ ಕೀ ಜೇಬಿನಲ್ಲಿರಲಿ. ಬಾಗಿಲು ಎಳೆದುಕೊಂಡರೆ ಸಾಕು, ಹೊರಗಿನಿಂದ ತೆರೆಯುವುದಿಲ್ಲ. ರಾತ್ರಿ ಬೀಗದವರನ್ನು ಕರೆಸಿದರೆ ಆ ತಿಂಗಳ ದಿನಸಿ ದುಡ್ಡು ಅಲ್ಲಿಗೇ ಹೋಗುತ್ತದೆ. ನೀರಿನ ಪ್ಲಾಸ್ಟಿಕ್ ಬಾಟಲಿ ಮಾತ್ರ ಕಸಕ್ಕೆ ಹಾಕಬೇಡಿ. ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್ ಬರುತ್ತದೆ.

ಆಖೆನ್‌ನವರಿಗೆ ಒಂದು ಅನುಕೂಲ ಇದೆ. ನೆದರ್‌ಲ್ಯಾಂಡ್ಸ್‌ನ ವಾಲ್ಸ್ ಊರಿಗೆ ಇಲ್ಲಿನ ಸಿಟಿ ಬಸ್ಸೇ ಹೋಗುತ್ತದೆ, ಅಲ್ಲಿ ಭಾನುವಾರವೂ ಸೂಪರ್‌ಮಾರ್ಕೆಟ್ ತೆರೆದಿರುತ್ತದೆ. ಹಾಲು ಮುಗಿದರೆ ಬೇರೆ ದೇಶಕ್ಕೆ ಹೋಗಿ ತರುವುದು! ಪಾಸ್‌ಪೋರ್ಟ್ ಜೊತೆಗಿರಲಿ.

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಮನೆಗೂ ನಮಗೂ ಮೂರೂವರೆ ಗಂಟೆ ಇದ್ದ ಅಂತರ ನಾಲ್ಕೂವರೆ ಆಗುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಫೋನ್ ಬರಲಿಲ್ಲ ಅಂತ ಗಾಬರಿಯಾಗುತ್ತಾರೆ. ಅದಾದ ಕೆಲವೇ ದಿನಕ್ಕೆ ನವೆಂಬರ್ 1. ಆಖೆನ್ ಇರುವ ಈ ರಾಜ್ಯದಲ್ಲಿ ಅವತ್ತು ಕ್ರೈಸ್ತರ ಸರ್ವಸಂತರ ದಿನ, ಸರ್ಕಾರಿ ರಜೆ. ರಾಜ್ಯೋತ್ಸವಕ್ಕೆ ಬಿಸಿಬೇಳೆ ಬಾತ್ ಮಾಡುವ ಪ್ಲಾನ್ ಇದ್ದರೆ ತರಕಾರಿ ಹಿಂದಿನ ದಿನವೇ ತಂದಿಡಿ, ಅವತ್ತು ಅಂಗಡಿಗಳಿಗೂ ರಜೆ.